ಎರವಲು ಕೊಂಬೆ

ಅಡುಗೆಮನೆಯ ಕಿಟಕಿಯಿಂದ ಅವಳು ಅವನನ್ನು ಮೊದಲ ಸಲ ನೋಡಿದಾಗ ಅವನ ಕೈಯಲ್ಲಿ ಗರಗಸವಿತ್ತು.

ಹಿತ್ತಿಲಿನಲ್ಲಿ, ಎಲೆಯಿಲ್ಲದ ಮರಸೇಬಿನ ಮರದ ಕೆಳಗೆ, ಯಾರೋ ಅಪರಿಚಿತ! ಒಂದು ಕೊಂಬೆಯನ್ನು ಬಗ್ಗಿಸಿ ಹಿಡಿದು ಅದರ ಕಡ್ಡಿಗಳನ್ನು ಮೂಗಿಗೆ ತಾಗುವಷ್ಟು ಹತ್ತಿರ ತಂದು ನೋಡುತ್ತಿದ್ದ.

ಎಲ್ಲ ಮುಗಿದ ಮೇಲಿನ ಮೊದಲ ಮಾಮೂಲಿ ಬೆಳಗು ಅದು. ಗಂಡನನ್ನು ಕಳಿಸಿಕೊಟ್ಟು ಬಂದಾಗಿತ್ತು. ನೆಂಟರು ಹೊರಟುಹೋಗಿದ್ದರು. ಬಾಡಿಗೆ ಕುರ್ಚಿಗಳನ್ನು ಲೆಕ್ಕ ಹಾಕಿ ಗಾಡಿಗೆ ಏರಿಸಿಕೊಂಡು ಹೋಗಿದ್ದರು. ಯಾರೂ ಅಳುತ್ತಿರಲಿಲ್ಲ, ಯಾರೂ ಅವಳ ತಲೆ ಸವರುತ್ತಿರಲಿಲ್ಲ. ಹಾಲು ಬಂದಿತ್ತು. ಸಿಂಕಿನಲ್ಲಿ ಪಾತ್ರೆಗಳಿದ್ದವು. ತೊಳೆಯಬೇಕಿತ್ತು, ಅಷ್ಟೇ.

ಉಳಿದ ಜೀವನವೂ ಬಹುಶಃ ಹೀಗೆಯೇ... ಒಂದು ತಟ್ಟೆ, ಆಮೇಲೆ ಇನ್ನೊಂದು ತಟ್ಟೆ.

ಅವಳು ಇನ್ನೂ ಅತ್ತಿರಲಿಲ್ಲ. ಕೆಲವರು ಗಟ್ಟಿಗಿತ್ತಿ ಅಂದರು. ಕೆಲವರು ಕಲ್ಲು ಅಂದರು, ಅವಳಿಗೆ ಕೇಳಿಸಲಿ ಅಂತಲೇ.

ಸೋಪಿನ ಕೈಯಲ್ಲೇ ಹಿಂಬಾಗಿಲು ತೆರೆದಳು.

"ಯಾರ್ರೀ ಅದು? ಏನ್ ಮಾಡ್ತಿದೀರಿ ಅಲ್ಲಿ?"

ಅವನು ಬೆಚ್ಚಿ ಕೊಂಬೆ ಬಿಟ್ಟುಬಿಟ್ಟ. ಅದು ಸಟ್ಟನೆ ಮೇಲೆದ್ದು ಅವನ ಹಣೆಗೇ ಬಾರಿಸಿತು.

"ಅಯ್ಯೋ, ಹೆದರ್ಬೇಡಿ! ಹಿಂದಿನ ಗೇಟು ತೆಗೆದೇ ಇರತ್ತೆ, ಸೀದಾ ಬನ್ನಿ ಅಂದಿದ್ರು. ಕಣ್ಣು ಬಿಡೋ ಮೊದ್ಲು ಬರ್ಬೇಕು ಅಂತ..." ಹಣೆ ಉಜ್ಜಿಕೊಳ್ಳುತ್ತಾ ನಕ್ಕ. "ಸರ್ ಇಲ್ವಾ?"

"ಇಲ್ಲ."

"ಊರಿಗೆ ಹೋಗಿದಾರಾ, ಆಫೀಸಿಗಾ?"

ಅವಳು ಬಾಗಿಲಿನ ಚೌಕಟ್ಟು ಹಿಡಿದುಕೊಂಡಳು. ಇಲ್ಲ. ಸಕ್ಕರೆ ಇಲ್ಲ, ಕರೆಂಟ್ ಇಲ್ಲ, ಸರ್ ಇಲ್ಲ. ಎಲ್ಲದಕ್ಕೂ ಅದೊಂದೇ ಮಾತು! ಆ ಮಾತನ್ನು ಇವತ್ತಿನವರೆಗೆ ಅವಳು ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಿದ ಮೊದಲ ಸಲವೇ ಕೇಳಿದವನು ಅದನ್ನು ಇಷ್ಟು ಹಗುರಾಗಿ ಹಿಡಿದುಬಿಟ್ಟಿದ್ದ.

"ಬರಲ್ಲ ಅವರು," ಅಂದಳು.

"ಪರವಾಗಿಲ್ಲ ಬಿಡಿ. ನಾನೇ ಕೊಯ್ಕೊಂಡು ಹೋಗಿ ಆಮೇಲೆ ಅವರಿಗೆ ಫೋನ್..."

ಅವನ ಮಾತು ನಿಂತಿತು. ಅವಳ ಹಿಂದೆ, ತೆರೆದ ಬಾಗಿಲಿನ ಒಳಗೆ, ಮೇಜಿನ ಮೇಲೆ ಗೋಡೆಗೆ ಒರಗಿಸಿಟ್ಟ ಹೊಸ ಕಟ್ಟಿನ ದೊಡ್ಡ ಫೋಟೊ ಕಾಣಿಸುತ್ತಿತ್ತು. ಅವನ ಮುಖದ ನಗು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಲ್ಲೇ ಒಣಗಿತು.

"ಯಾವಾಗ... ನಂಗೆ ಗೊತ್ತೇ ಇರ್ಲಿಲ್ಲ..."

"ನಿನ್ನೆಯಿಂದ ಇದೇ ಆಯ್ತು!" ಅವಳ ದನಿ ಅವಳಿಗೇ ಹೊಸದಾಗಿ ಕೇಳಿತು. "ಒಬ್ಬರಿಗೆ ಅವರ ಬೈಕು ಬೇಕು. ಒಬ್ಬರಿಗೆ ಏಣಿ. ಒಬ್ಬರು ಶೂ ಅಳತೆ ನೋಡಿದ್ರು! ಈಗ ನಿಮಗೆ ಮರನಾ?"

"ಇಲ್ಲ, ಇಲ್ಲ... ನಾನು ಕಸಿಗೆ ಅಂತ..."

"ಕಸಿಯೋಕೇ ಬಂದಿದೀರಿ, ಗೊತ್ತಾಯ್ತು. ಈ ಮರದ ಒಂದು ಕಡ್ಡಿ ಮುಟ್ಟಿದ್ರೂ ಚೆನ್ನಾಗಿರಲ್ಲ. ಹೋಗಿ ಇಲ್ಲಿಂದ!"

ಅವನು ಏನೋ ಹೇಳಲು ಬಾಯಿ ತೆರೆದ. ತನ್ನ ಹಣೆಗೆ ಹೊಡೆದ ಆ ಕೊಂಬೆಯನ್ನು ಒಮ್ಮೆ ನೋಡಿದ. ಬಾಯಿ ಮುಚ್ಚಿಕೊಂಡು, ಗೇಟನ್ನು ಸದ್ದಾಗದ ಹಾಗೆ ಎಳೆದುಕೊಂಡು ಹೊರಟುಹೋದ.

ಅವಳು ಗೇಟಿಗೆ ಬೀಗ ಹಾಕಿದಳು. ಮತ್ತೆ ಪಾತ್ರೆ ತೊಳೆಯಲು ನಿಂತಳು.

---

ಅವಳ ಗಂಡ ನೀರು ಸರಬರಾಜು ಕಚೇರಿಯಲ್ಲಿ ಕೆಲಸಕ್ಕಿದ್ದ. ಮನಸ್ಸೆಲ್ಲ ಹಿತ್ತಿಲಿನಲ್ಲಿ. ಹುಲ್ಲುಹಾಸನ್ನು ಕಿತ್ತುಹಾಕಿ, ಸುತ್ತಲ ಗುಡ್ಡಗಳಲ್ಲಿ ತಾವೇ ಹುಟ್ಟಿ ಬೆಳೆಯುವ ಗಿಡಗಳನ್ನೇ ತಂದು ನೆಟ್ಟಿದ್ದ. ನಡುವೆ ಅಂಜೂರ, ಹಿಪ್ಪುನೇರಳೆ, ದಾಳಿಂಬೆ, ಮರಸೇಬು. "ನಿಮ್ಮ ಯಜಮಾನರು ಕಳೆ ಸಾಕಿದಾರೆ" ಎಂದು ಪಕ್ಕದ ಮನೆಯವರು ನಗುತ್ತಿದ್ದರು. ಒಂದು ದಿನ ಕಚೇರಿಯ ಮೆಟ್ಟಿಲ ಮೇಲೆ ಅವನ ಹೃದಯ ನಿಂತುಹೋಯಿತು. ತಲೆಗೂದಲು ಇನ್ನೂ ಪೂರ್ತಿ ಕಪ್ಪಗಿತ್ತು.

ಅವಳ ಕೆಲಸ ವಿಶ್ವವಿದ್ಯಾಲಯದ ಸಸ್ಯ ಸಂಗ್ರಹಾಲಯದಲ್ಲಿ. ಒಣಗಿದ ಗಿಡಗಳನ್ನು ಹಾಳೆಗೆ ಅಂಟಿಸಿ, ಹೆಸರು ಬರೆದು, ಕಪಾಟಿನಲ್ಲಿ ಇಡುವುದು.

"ನಿಂದು ಸತ್ತಿರೋವು, ನಂದು ಬದುಕಿರೋವು. ಒಳ್ಳೇ ಜೋಡಿ!" ಎಂದು ಗಂಡ ಕೀಟಲೆ ಮಾಡುತ್ತಿದ್ದ.

ಈಗ ಅವಳು ಕೆಲಸಕ್ಕೆ ಹೋಗುತ್ತಾಳೆ, ಬರುತ್ತಾಳೆ. ಹಿತ್ತಿಲಿನ ಕಡೆ ನೋಡುವುದಿಲ್ಲ. ಅಡುಗೆಮನೆಯ ಕಿಟಕಿಗೆ ಪರದೆ ಬಿತ್ತು.

ಹಿತ್ತಿಲನ್ನು ನೋಡಿಕೊಳ್ಳುತ್ತಿದ್ದವರು ಅತ್ತೆ. ಮಗನನ್ನು ಕಳೆದುಕೊಂಡ ಆ ಗಲಾಟೆಯಲ್ಲಿ ಯಾರೋ ಅವರ ಕನ್ನಡಕದ ಮೇಲೆ ಕುಳಿತುಬಿಟ್ಟಿದ್ದರು. ಅಂದಿನಿಂದ ಅತ್ತೆಗೆ ಎಲ್ಲವೂ ಮಸುಕು. ಒಂದು ಸಂಜೆ ಗೋಡೆಗೆ ಒರಗಿಸಿದ್ದ ಪೊರಕೆಗೆ ಅವರು ಬಹಳ ಪ್ರೀತಿಯಿಂದ ನೀರು ಹಾಕುತ್ತಿದ್ದುದನ್ನು ಕಂಡು ಅವಳು, "ಅತ್ತೆ, ನಾಳೆ ಕನ್ನಡಕ ಮಾಡಿಸೋಣ ನಡೀರಿ," ಅಂದಳು.

"ಯಾಕೆ? ಅದು ಚಿಗುರಲಿಲ್ಲ ಅಂತಾನಾ?"

ಬಹಳ ದಿನಗಳ ಮೇಲೆ ಅವಳ ತುಟಿ ಒಂದಿಷ್ಟು ಅಲುಗಿತು.

---

ಅಂಗಡಿ ಕಿರಿದಾಗಿತ್ತು. ಎರಡೂ ಗೋಡೆಗಳ ತುಂಬ ಕನ್ನಡಕಗಳು, ಕೊನೆಯಲ್ಲಿ ಒಂದು ಎತ್ತರದ ಕುರ್ಚಿ, ಎದುರಿಗೆ ಅಕ್ಷರದ ಹಲಗೆ. ಒಳಕೋಣೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದವನನ್ನು ಕಂಡು ಅವಳು ಅತ್ತೆಯ ತೋಳು ಹಿಡಿದುಕೊಂಡಳು.

ಅವನೇ! ಹಣೆಯ ಮೇಲೆ ಗೀರು ಇನ್ನೂ ಮಾಸಿರಲಿಲ್ಲ.

ಅವನೂ ಒಂದು ಕ್ಷಣ ನಿಂತ. ನಂತರ ಮೊದಲ ಸಲ ನೋಡಿದವನಂತೆ, "ಬನ್ನಿ ಅಮ್ಮ, ಕೂತ್ಕೊಳ್ಳಿ," ಎಂದು ಅತ್ತೆಯ ಕೈ ಹಿಡಿದು ಕುರ್ಚಿಗೆ ಹತ್ತಿಸಿದ. ಅವರ ಮೂಗಿನ ಮೇಲೆ ಭಾರದ ಕಬ್ಬಿಣದ ಚೌಕಟ್ಟು ಇಟ್ಟು, ಒಂದು ಕಣ್ಣು ಮುಚ್ಚಿ, ಇನ್ನೊಂದಕ್ಕೆ ಗಾಜು ಬದಲಿಸುತ್ತಾ ಹೋದ.

"ಮೊದಲನೇದು ಚೆನ್ನಾಗಿದ್ಯಾ, ಎರಡನೇದಾ?"

"ಎರಡೂ ಒಂದೇ ಥರ ಇದೆಯಲ್ಲಪ್ಪ."

"ಇನ್ನೊಂದ್ಸಲ ನೋಡಿ. ಮೊದಲನೇದಾ... ಎರಡನೇದಾ?"

"ಮೂರನೇದು ಇಲ್ವಾ?"

"ಇದೆ. ಕೊನೆಗೆ ತೋರಿಸ್ತೀನಿ."

"ಹುಷಾರಿದೀಯ. ನೀನ್ಯಾಕೆ ಕನ್ನಡಕ ಹಾಕಿಲ್ಲ?"

"ನನ್ನ ಕಣ್ಣು ಚೆನ್ನಾಗಿದೆ ಅಮ್ಮ."

"ಮತ್ತೆ ಹಣೆಗೆ ಏನಾಯ್ತು? ಗೋಡೆ ಕಾಣಿಸಲಿಲ್ವಾ?"

"ಮರ ಹೊಡೀತು."

"ಮರ ಸುಮ್ಮನೆ ಹೊಡೆಯತ್ತಾ? ನೀನೇನು ಮಾಡಿದ್ದೆ ಅದಕ್ಕೆ?"

"ಕೊಯ್ಯೋಕೆ ಬಂದಿದ್ರು," ಅಂದಳು ಅವಳು, ತಡೆಯಲಾರದೆ. "ನಮ್ಮನೆ ಮರಾನೇ ಅತ್ತೆ. ಆವತ್ತು ಹೇಳಿದ್ನಲ್ಲ... ಇವರೇ."

ಅತ್ತೆ ಕುರ್ಚಿಯಲ್ಲಿ ನೆಟ್ಟಗಾದರು. ಒಂದು ಕಣ್ಣು ಮುಚ್ಚಿದ ಚೌಕಟ್ಟಿನಲ್ಲೇ ಇನ್ನೊಂದು ಕಣ್ಣಿನಿಂದ ಅವನನ್ನು ಸುಡುವಂತೆ ನೋಡಿದರು.

"ನನ್ನ ಮಗನ ಮರಕ್ಕೆ ಗರಗಸ ಹಾಕೋಕೆ ಬಂದೋನು ನೀನೇನಾ?"

"ಮರ ನಿಮ್ದೇ ಅಮ್ಮ. ಒಂದು ಕೊಂಬೆ ಮಾತ್ರ..." ಅವನು ತಡೆದ. "ಬಿಡಿ ಅದನ್ನ. ಕೆಳಗಿನ ಸಾಲು ಓದಿ."

"ಕೆಳಗಿನ ಸಾಲು ಎಲ್ಲೂ ಓಡಿಹೋಗಲ್ಲ. ಕೊಂಬೆ ವಿಷಯ ಹೇಳು."

ಅವನು ಕೈಯಲ್ಲಿದ್ದ ಗಾಜನ್ನು ಬಟ್ಟೆಯಿಂದ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

"ನಮ್ಮಮ್ಮನ ಮನೆ ಹಿಂದೆ ಒಂದು ಮರಸೇಬಿನ ಮರ ಇತ್ತು. ಸಣ್ಣ ಹಣ್ಣು, ಒರಟು ಸಿಪ್ಪೆ. ಮಾರೋಕಿಟ್ರೆ ಯಾರೂ ಮುಟ್ಟಲ್ಲ. ಆದ್ರೆ ಒಂದು ಹಣ್ಣು ತಂದಿಟ್ರೆ ಇಡೀ ಮನೆ ಘಮ್ ಅನ್ನೋದು. ಒಂದ್ಸಲ ಸರ್ ಕನ್ನಡಕ ಮಾಡಿಸೋಕೆ ಬಂದಾಗ ಇದೇ ಮೇಜಿನ ಮೇಲಿತ್ತು. ಕನ್ನಡಕ ಮರೆತೇಬಿಟ್ರು! ಈ ತಳಿ ನಮ್ಮ ಗುಡ್ಡಗಳಲ್ಲಿ ಬಿಟ್ರೆ ಇನ್ನೆಲ್ಲೂ ಇಲ್ಲ ಅಂದ್ರು. ನಾಲ್ಕು ಕಡ್ಡಿ ಎರವಲು ಕೊಡ್ತೀರಾ ಅಂದ್ರು."

"ಎರವಲಾ?"

"ಹ್ಞೂಂ. ನನಗೂ ನಗು ಬಂತು. ಕಡ್ಡೀನ ಯಾರಾದ್ರೂ ಎರವಲು ತಗೋತಾರಾ? 'ನನ್ನ ಮರದ ಮೇಲೆ ಕೂರಿಸ್ತೀನಿ, ಬೇಕಾದಾಗ ವಾಪಸ್ ಕೊಡೋ ಜವಾಬ್ದಾರಿ ನಂದು' ಅಂದ್ರು. ಕೂರಿಸಿದ್ರು. ಕಸಿ ಹಿಡೀತು, ಕೊಂಬೆ ಆಯ್ತು." ಅವನು ಉಸಿರೆಳೆದುಕೊಂಡ. "ಆಮೇಲೆ ನಮ್ಮಮ್ಮ ಹೋದ್ರು. ರಸ್ತೆ ಅಗಲ ಮಾಡಿದ್ರು. ಮನೆ ಹೋಯ್ತು, ಮರ ಹೋಯ್ತು. ಆ ಮರದ್ದು ಅಂತ ಉಳಿದಿರೋದು ನಿಮ್ಮ ಹಿತ್ತಿಲಲ್ಲಿ ಒಂದೇ ಒಂದು ಕೊಂಬೆ."

ಅವಳು ಕಪಾಟಿಗೆ ಒರಗಿದಳು. ಕನ್ನಡಕಗಳು ಗಲಗಲ ಎಂದವು.

"ಈ ಚಳಿಗಾಲದಲ್ಲಿ ಸರ್ ಫೋನ್ ಮಾಡಿದ್ರು. ಕೊಂಬೆ ಬುಡಕ್ಕೆ ರೋಗ ಹತ್ತಿದೆ, ಇನ್ನೊಂದು ವರ್ಷ ಬಾಳೋದು ಅನುಮಾನ ಅಂದ್ರು. ಕಡ್ಡಿ ಮೇಲಿನ ಮೊಗ್ಗು ಇದೆಯಲ್ಲ, ಅದಕ್ಕೆ ಕಣ್ಣು ಅಂತಾರಂತೆ. ಕಣ್ಣು ಬಿಡೋ ಮೊದ್ಲು ಬಂದು ಕೊಯ್ಕೊಳ್ಳಿ, ಹೊಸ ಸಸಿಗೆ ಇಬ್ರೂ ಸೇರಿ ಕಟ್ಟೋಣ, ಹೇಗಿದ್ರೂ ನಿಮ್ದು ಕಣ್ಣಿನ ಕೆಲಸಾನೇ ಅಲ್ವಾ ಅಂತ ನಕ್ರು."

ಆ ನಗು ಅವಳಿಗೆ ಕೇಳಿಸಿತು. ಅಷ್ಟು ಸ್ಪಷ್ಟವಾಗಿ!

"ಆವತ್ತೇ ಹೇಳ್ಬಹುದಿತ್ತಲ್ಲ!"

"ಯಾವ ಬಾಯಲ್ಲಿ ಹೇಳ್ಲಿ?" ಅವನು ಮೊದಲ ಸಲ ಅವಳನ್ನು ನೇರವಾಗಿ ನೋಡಿದ. "ಮನೆಯವರನ್ನೇ ಕಳ್ಕೊಂಡು ನಿಂತಿರೋರ ಹತ್ರ, ನನ್ನ ಕೊಂಬೆ ವಾಪಸ್ ಕೊಡಿ ಅಂತಾನಾ?"

ಅತ್ತೆ ನಿಧಾನವಾಗಿ ಚೌಕಟ್ಟು ತೆಗೆದು ಮಡಿಲಿನಲ್ಲಿ ಇಟ್ಟುಕೊಂಡರು. ಯಾರೂ ಕೆಳಗಿನ ಸಾಲು ಓದಲಿಲ್ಲ.

---

ಅಂಗಡಿಯಿಂದ ಬಂದವಳೇ ಅವಳು ಹಿಂದಿನ ಗೇಟಿನ ಬೀಗ ತೆಗೆದು ಹಿತ್ತಿಲಿಗೆ ಕಾಲಿಟ್ಟಳು.

ತಾನು ನೋಡದೇ ಇದ್ದಾಗ ಇಷ್ಟೆಲ್ಲಾ ನಡೆದುಬಿಟ್ಟಿದೆಯಾ...

ಅಂಜೂರದ ಬೂದು ಕೊಂಬೆಗಳ ತುದಿಯಲ್ಲಿ ಹಸಿರು ಬೆರಳುಗಳು. ದಾಳಿಂಬೆಯ ಚಿಗುರು ತಾಮ್ರದ ಬಣ್ಣ. ಹೋದ ವರ್ಷದ ತರಗೆಲೆಗಳನ್ನು ಹೆಗಲಿಂದ ತಳ್ಳಿ ಎದ್ದ ಕಾಡು ಗಡ್ಡೆಗಳು. ಪಕ್ಕದ ಮನೆಯವರು ಕಳೆ ಅನ್ನುತ್ತಿದ್ದ ಗಿಡ, ಗೋಡೆಯುದ್ದಕ್ಕೂ ನೇರಳೆ ಹೂ ಬಿಟ್ಟು ಕುಳಿತಿತ್ತು. ಅದರ ಶಾಸ್ತ್ರೀಯ ಹೆಸರು ಅವಳಿಗೆ ಗೊತ್ತಿತ್ತು. ಹಾಳೆಗೆ ಅಂಟಿಸಿಯೂ ಇದ್ದಳು. ಆದರೆ ಹಾಳೆಯ ಮೇಲೆ ಅದು ಕಂದು ಬಣ್ಣ. ಇಷ್ಟೊಂದು ನೇರಳೆ ಅಂತ ಅವಳಿಗೆ ಯಾವತ್ತೂ ಹೊಳೆದಿರಲಿಲ್ಲ.

ಹೇಳದೆ ಕೇಳದೆ, ಅವನಿಲ್ಲದೆಯೇ, ಎಲ್ಲವೂ ಎದ್ದಿದ್ದವು. ಅವಳಿಗೆ ಸಿಟ್ಟು ಬಂತು. ಮರುಗಳಿಗೆಯೇ ಆ ಸಿಟ್ಟಿಗೆ ಜಾಗ ಸಿಗಲಿಲ್ಲ.

ಆ ಕೊಂಬೆ!

ಮರಸೇಬು ಮೈತುಂಬ ಬಿಳಿ ಹೂ ಹೊತ್ತಿತ್ತು. ಆ ಒಂದು ಕೊಂಬೆ ಮಾತ್ರ ನಿಧಾನ. ಹೂವಿಲ್ಲ, ಆದರೆ ಮೊಗ್ಗುಗಳು ಒಡೆದಿದ್ದವು. ಪ್ರತಿ ಮೊಗ್ಗಿನ ಬಾಯಲ್ಲೂ ಎಳೆ ಹಸಿರು.

ಕಣ್ಣು ಬಿಟ್ಟಾಗಿತ್ತು. ಕಾಲ ಮೀರಿತ್ತು. ಈಗ ಕೊಯ್ದರೆ ಆ ಎಳೆ ಎಲೆಗಳೇ ಕಡ್ಡಿಯ ನೀರನ್ನೆಲ್ಲ ಕುಡಿದು ಒಣಗಿಸುತ್ತವೆ. ಕೊಂಬೆಯ ಬುಡದಲ್ಲಿ ತೊಗಟೆ ಕಪ್ಪಾಗಿ, ಬಳೆಯ ಹಾಗೆ ಸುತ್ತುತ್ತಾ ಬಂದಿತ್ತು. ಇನ್ನು ಬೆರಳಗಲ ಜಾಗ ಮಾತ್ರ ಉಳಿದಿತ್ತು. ಅಷ್ಟೂ ಕಪ್ಪಾದ ದಿನ ಕೊಂಬೆ ಸಾಯುತ್ತದೆ.

'ಒಬ್ಬರ ಅಮ್ಮನ ಮರ. ನನ್ನ ಗಂಡನ ಮಾತು. ಎರಡನ್ನೂ ಬೀಗ ಹಾಕಿ ಕೊಂದುಬಿಟ್ಟೆನಾ?'

"ಏನಂತೆ?" ಅತ್ತೆ ಬಾಗಿಲಲ್ಲಿ ನಿಂತು ಕೇಳಿದರು.

"ತಡ ಆಯ್ತು ಅತ್ತೆ. ಈಗ ಕೊಯ್ದ್ರೆ ಸಾಯತ್ತೆ."

"ಕೊಯ್ಲೇಬೇಕಾ?"

ಅವಳು ಉತ್ತರ ಕೊಡಲು ಹೊರಟವಳು ಹಾಗೇ ನಿಂತಳು. ಕಾಲೇಜಿನ ಪ್ರಯೋಗಾಲಯ, ಕಿಟಕಿ ಪಕ್ಕದ ಕಲ್ಲಿನ ಮೇಜು, ಎರಡು ಬೇರೆ ಬೇರೆ ಕುಂಡಗಳ ಗಿಡಗಳನ್ನು ಕೆನ್ನೆಗೆ ಕೆನ್ನೆ ತಾಗಿಸಿ ಕಟ್ಟಿದ ಆ ಪಾಠ...

ಗಂಡನ ಕನ್ನಡಕದ ಡಬ್ಬಿಯ ಮೇಲೆ ಅಂಗಡಿಯ ನಂಬರಿತ್ತು.

"ನಾನು... ಮರದ ಮನೆಯವಳು ಮಾತಾಡ್ತಿರೋದು."

"ಹೇಳಿ."

"ಕುಂಡದಲ್ಲಿರೋ ಮರಸೇಬಿನ ಸಸಿ ಒಂದು ಬೇಕು. ನರ್ಸರಿಯಲ್ಲಿ ಸಿಗತ್ತೆ. ಪೆನ್ಸಿಲ್ ದಪ್ಪ ಇದ್ರೆ ಸಾಕು."

"ಕೊಯ್ಯೋ ಕಾಲ ಮುಗೀತಲ್ವಾ?"

"ಕೊಯ್ಯಲ್ಲ. ಕೊಂಬೆ ಮರದ ಮೇಲೇ ಇರಲಿ. ಸಸೀನೇ ಅದರ ಹತ್ರ ಕರ್ಕೊಂಡು ಬರೋಣ."

---

ಹಳೆಯ ಮೇಜು, ಅದರ ಮೇಲೆ ಸ್ಟೂಲು. ಅಷ್ಟಾದರೂ ಕುಂಡ ಕೊಂಬೆಗೆ ಎಟುಕಲಿಲ್ಲ. ಅವನು ಮೇಜಿನ ಮೇಲೆ ಹತ್ತಿ, ಕುಂಡವನ್ನು ಎರಡೂ ಕೈಯಲ್ಲಿ ಎದೆಯೆತ್ತರಕ್ಕೆ ಹಿಡಿದು ನಿಂತ.

"ಕಟ್ಟಿ ಮುಗಿಯೋವರೆಗೂ ಅಲುಗಾಡ್ಬೇಡಿ. ಎಷ್ಟೊತ್ತು ಹಿಡೀತೀರಿ?"

"ನೀವು ಎಷ್ಟೊತ್ತು ಅಂದ್ರೆ ಅಷ್ಟೊತ್ತು."

"ಮಾತು ಚೆನ್ನಾಗಿದೆ, ತೋಳು ಹೇಗಿದೆಯೋ," ಅಂದರು ಅತ್ತೆ ಕೆಳಗಿನಿಂದ. "ಕನ್ನಡಕ ಬಿಟ್ರೆ ಇನ್ನೇನೂ ಎತ್ತಿದ ಹಾಗಿಲ್ಲ."

ಅವಳೂ ಮೇಜು ಹತ್ತಿ ಗಂಡನ ಚಾಕು ತೆರೆದಳು. ಮೊದಲು ಸಸಿಯ ತೊಗಟೆಯನ್ನು ಒಂದು ಕಡೆ ನಾಲಗೆಯಷ್ಟು ಉದ್ದ ಹೆರೆದಳು. ಇನ್ನು ಕೊಂಬೆಯ ಸರದಿ.

ಕೈ ನಿಂತುಹೋಯಿತು. ಗಂಡ ಬೆಳೆಸಿದ ಮರ. ಅದಕ್ಕೆ ತಾನು ಗಾಯ ಮಾಡಬೇಕು...

"ಆಗಲ್ವಾ?" ಅವನು ಮೆಲ್ಲಗೆ ಕೇಳಿದ. "ಬೇಡ ಅನ್ಸಿದ್ರೆ ಬೇಡ."

ಅವಳು ಕಣ್ಣು ಮುಚ್ಚಿ ತೆರೆದು ಚಾಕು ಒತ್ತಿದಳು. ಬೂದು ಬಣ್ಣದ, ಒಣಕಲಾಗಿ ಕಾಣುತ್ತಿದ್ದ ತೊಗಟೆ ಸುರುಳಿಯಾಗಿ ಎದ್ದಿತು. ಅದರ ಕೆಳಗೆ ತಿಳಿಹಸಿರು! ಅವಳ ಬೆರಳಿಗೆ ತೇವ ತಾಗಿತು.

"ಹಸಿ ಇದೆ," ಅಂದಳು. "ಒಳಗೆಲ್ಲ ಹಸಿ ಇದೆ..."

ಎರಡು ಗಾಯಗಳನ್ನೂ ಒಂದಕ್ಕೊಂದು ತಾಗಿಸಿ ಹಿಡಿದಳು. ಆಗ ಬಂತು. ಇಷ್ಟು ದಿನ ಎಲ್ಲಿತ್ತೋ, ಹೊಟ್ಟೆಯೊಳಗಿಂದ ಎದ್ದು ಬಂತು. ಅವಳು ಬಿಕ್ಕಿದಳು. ಎರಡೂ ಕೈಗಳು ಕೊಂಬೆಯ ಮೇಲೆ. ಬಿಟ್ಟರೆ ಜೋಡಣೆ ಜಾರುತ್ತದೆ. ಕಣ್ಣೀರು ಗಲ್ಲದಿಂದ ಕೊರಳಿಗೆ ಇಳಿಯಿತು, ಒರೆಸಿಕೊಳ್ಳುವ ಹಾಗಿಲ್ಲ.

ಅವನೂ ಒರೆಸುವ ಹಾಗಿರಲಿಲ್ಲ. ಅವನ ಎರಡೂ ಕೈಯಲ್ಲಿ ಕುಂಡ. ತೋಳು ನಡುಗತೊಡಗಿತ್ತು.

"ಅಳಿ," ಅಂದ. "ನಾನು ಬಿಡಲ್ಲ."

ಸಮಾಧಾನದ ಮಾತು ಅದೊಂದೇ. ಅವಳು ಅಳುತ್ತಲೇ ಪಟ್ಟಿ ಸುತ್ತಿದಳು, ಅಳುತ್ತಲೇ ಮೇಣ ಮೆತ್ತಿದಳು. ಕೆಳಗೆ ಅತ್ತೆ ಹೊಸ ಕನ್ನಡಕವನ್ನು ತೆಗೆದು ಸೆರಗಿನಿಂದ ಒರೆಸಿಕೊಳ್ಳುತ್ತಿದ್ದರು.

---

ಅಂದಿನಿಂದ ಅವನು ಅಂಗಡಿ ಮುಚ್ಚಿ ದಿನಾ ಸಂಜೆ ಬರತೊಡಗಿದ. ಕೊಂಬೆಗೆ ಕಟ್ಟಿ ನಿಲ್ಲಿಸಿದ ಕುಂಡಕ್ಕೆ ನೀರು ಹಾಕಲು.

"ನೀರು ನಾವೇ ಹಾಕ್ತೀವಿ ಬಿಡಿ," ಅಂದಿದ್ದಳು ಅವಳು.

"ಬರಲಿ ಬಿಡೇ," ಅಂದರು ಅತ್ತೆ. "ನನಗೆ ಕೈ ಎಟಕಲ್ಲ, ನಿನಗೆ ಮನೆ ಸೇರೋಕೆ ಹೊತ್ತಾಗತ್ತೆ. ಕಾದು ಕಾದು ನೀರಿನ ಹೂಜಿಗೆ ಬೇಸರ ಆಗತ್ತೆ."

ಅವಳ ಗಂಡನ ಬಗ್ಗೆ ಮಾತಾಡುವಾಗ ದನಿ ತಗ್ಗಿಸದವನು ಅವನೊಬ್ಬನೇ. "ಸರ್ ಎಷ್ಟು ಜಿಪುಣರು ಗೊತ್ತಾ? ಒಂದೇ ಕಟ್ಟಿಗೆ ಮೂರು ಸಲ ಗಾಜು ಹಾಕಿಸಿದ್ರು," ಎಂದು ನಗಿಸುತ್ತಿದ್ದ. ಅವಳೂ ಹೇಳುತ್ತಿದ್ದಳು. ಗೊಬ್ಬರದ ಚೀಲವನ್ನು ಬೈಕಿನಲ್ಲಿ ತರುವಾಗ ದಾರಿಯುದ್ದಕ್ಕೂ ಸೋರಿ, ಬೀದಿ ನಾಯಿಗಳೆಲ್ಲ ಹಿಂದೆಯೇ ಬಂದದ್ದನ್ನು. ನಕ್ಕು ನಕ್ಕು ಸುಮ್ಮನಾಗುತ್ತಿದ್ದರು.

ಬೇಸಗೆಯ ನಡುವೆ ಒಂದು ದಿನ ಕೊಂಬೆಯ ಬುಡದ ಕಡೆಯ ಎಲೆಗಳು ಹಳದಿಯಾದವು. ಕಪ್ಪು ಬಳೆ ಪೂರ್ತಿ ಸುತ್ತಿತ್ತು! ಇಬ್ಬರೂ ದಿನಾ ಎಲೆ ಎಣಿಸುತ್ತಾ ಕಾದರು. ಆದರೆ ಕಟ್ಟಿದ ಜಾಗದಿಂದ ಆಚೆಗಿನ ಎಲೆಗಳು ಬಾಡಲಿಲ್ಲ. ಒಂದೊಂದಾಗಿ ಹೊಳೆದವು. ಹಳೆಯ ದಾರಿ ಮುಚ್ಚಿದ ಮೇಲೆ ಅವು ಕುಂಡದ ಬೇರಿನಿಂದ ನೀರು ಕುಡಿಯುತ್ತಿದ್ದವು.

"ಹಿಡೀತು!" ಅವಳು ಚಪ್ಪಾಳೆ ತಟ್ಟಿದಳು. ತಟ್ಟಿದ ಮೇಲೆ ನಾಚಿಕೆಯಾಯಿತು. ಅವನು ಅವಳನ್ನೇ ನೋಡುತ್ತಿದ್ದ. ಎಲೆಗಳನ್ನಲ್ಲ.

ಅಂದು ಒಳಗೆ ಬಂದು ಮುಖ ತೊಳೆದಳು. ಕನ್ನಡಿಯಲ್ಲಿ ಕಂಡವಳು ಬದುಕಿರುವವಳು. ಅವಳಿಗೆ ಭಯವಾಯಿತು.

'ಇದು ದ್ರೋಹ ಅಲ್ವಾ?'

ಚಳಿ ಶುರುವಾಗುವ ಹೊತ್ತಿಗೆ ಸಸಿಯ ತಲೆಯನ್ನು ಕಸಿಯ ಮೇಲ್ಭಾ‌ಗದಲ್ಲಿ ಕೊಯ್ದಳು. ಇನ್ನು ಉಳಿದಿದ್ದು ಒಂದೇ ಕೆಲಸ. ಕೊಂಬೆಯನ್ನು ಕಸಿಯ ಕೆಳಗೆ ಕೊಯ್ದು ತಾಯಿಮರದಿಂದ ಬಿಡಿಸುವುದು. ಅಲ್ಲಿಗೆ ಕುಂಡದ ಗಿಡ ಸ್ವತಂತ್ರ.

"ಚಳಿಗಾಲ ಕಳೀಲಿ. ಗಟ್ಟಿಯಾಗಲಿ," ಅಂದಳು.

"ಹೌದೌದು," ಅಂದ ಅವನು, ಸ್ವಲ್ಪ ಬೇಗನೇ.

ಚಳಿಗಾಲ ಕಳೆಯಿತು. ಮತ್ತೆ ಮೊಗ್ಗುಗಳು ಊದತೊಡಗಿದವು.

"ದಪ್ಪ ಆಗ್ತಿವೆ," ಅಂದ ಅವನು ಒಂದು ಸಂಜೆ.

"ಹ್ಞೂಂ."

"ಕೊಯ್ಯೋ ಹೊತ್ತು ಬಂತೇನೋ."

"ಇನ್ನೂ ಸ್ವಲ್ಪ..."

"ಹೌದು. ಅವಸರ ಏನಿಲ್ಲ." ಅವನು ಹೂಜಿಯಲ್ಲಿ ಉಳಿದಿದ್ದ ಒಂದು ಹನಿಯನ್ನೂ ಬಿಡದೆ ಸುರಿದ. "ನಿಜ ಹೇಳ್ಬೇಕಂದ್ರೆ... ಇಲ್ಲೇ ಎಲ್ಲಾದ್ರೂ ನೆಟ್ಟುಬಿಡಿ. ನಾನಿರೋದು ಮೇಲಿನ ಮಹಡಿ, ನನಗೆಲ್ಲಿದೆ ನೆಲ? ಬಂದು ನೋಡ್ಕೊಂಡು ಹೋಗ್ತಾ ಇರ್ತೀನಿ."

ಅವಳು ಅವನ ಕೈಯಿಂದ ಖಾಲಿ ಹೂಜಿ ತೆಗೆದುಕೊಂಡಳು.

ಅವನು ಹೋದ ಮೇಲೆ ಅತ್ತೆ ಬಟ್ಟೆ ಮಡಚುತ್ತಾ ಕೇಳಿದರು. "ಗಿಡ ತಯಾರಾಗಿ ಎಷ್ಟು ಕಾಲ ಆಯ್ತೇ? ನಿಜ ಹೇಳು."

ಅವಳೂ ಒಂದು ಸೀರೆ ಎತ್ತಿ ಮಡಚತೊಡಗಿದಳು.

"ನೀನು ಕೊಯ್ಯಲ್ಲ, ಅವನು ಕೇಳಲ್ಲ. ಇಬ್ರೂ ಸೇರಿ ಆ ಬಡಪಾಯಿ ಗಿಡಾನ ಮರಕ್ಕೆ ಕಟ್ಟಿಹಾಕಿದೀರಿ."

"ಅತ್ತೆ, ನಾನು... ನಿಮ್ಮ ಮಗನ..."

"ನನ್ನ ಮಗ ನಿನ್ನ ಗಂಡ ಆಗಿದ್ದ. ಯಾವತ್ತೂ ಆಗಿರ್ತಾನೆ. ಅದನ್ನ ಯಾರು ಅಳಿಸ್ತಾರೆ?" ಅತ್ತೆ ಅವಳ ಗಲ್ಲ ಹಿಡಿದು ಮುಖ ಎತ್ತಿದರು. "ಅವನನ್ನಂತೂ ಉಳಿಸಿಕೊಳ್ಳೋಕೆ ಆಗಲಿಲ್ಲ. ನಿನ್ನನ್ನೂ ಒಣಗಿಸಿ ಹಾಳೆಗೆ ಅಂಟಿಸಿ ಕಪಾಟಲ್ಲಿ ಇಟ್ಕೊಳ್ಳೋಕೆ ನನಗಿಷ್ಟ ಇಲ್ಲ ಮಗಳೇ."

ಅವಳು ಅತ್ತೆಯ ತೊಡೆಯಲ್ಲಿ ಮುಖ ಮುಚ್ಚಿಕೊಂಡಳು. ಎಷ್ಟೋ ಹೊತ್ತಿನ ಮೇಲೆ ಎದ್ದಾಗ ಒಂದು ವಿಷಯ ನಿಚ್ಚಳವಾಗಿತ್ತು.

ಗಿಡವನ್ನು ಇಲ್ಲೇ ನೆಟ್ಟರೆ ಅವನು ಜೀವನವಿಡೀ ಬರುತ್ತಾನೆ. ತನ್ನ ಅಮ್ಮನ ಮರ ನೋಡಲು. ಅವನು ಯಾರಿಗಾಗಿ ಬಂದನೆಂದು ಅವಳಿಗೆ ಎಂದೂ ಗೊತ್ತಾಗುವುದಿಲ್ಲ. ಅಲ್ಲದೆ ಅದು ಎರವಲು ತಂದದ್ದು. ಇನ್ನೊಬ್ಬರದ್ದನ್ನು ಇಟ್ಟುಕೊಂಡು ಮನುಷ್ಯನನ್ನು ಹಿಡಿದಿಡಬಾರದು.

---

ಮರುದಿನ ಬೆಳಿಗ್ಗೆ ಅವಳೊಬ್ಬಳೇ ಮೇಜು ಹತ್ತಿದಳು. ಸಣ್ಣ ಗರಗಸ. ನಾಲ್ಕೈದು ಎಳೆತ. ಕೊಂಬೆ ಮರದಿಂದ ಬಿಟ್ಟುಕೊಟ್ಟಾಗ ಕುಂಡದ ಭಾರವೆಲ್ಲ ಅವಳ ತೋಳಿಗೆ ಬಂತು. ಕೊಯ್ದ ಜಾಗಕ್ಕೆ ಮೇಣ ಹಚ್ಚಿ, ತಾಯಿಮರದ ಕಾಂಡವನ್ನು ಅಂಗೈಯಿಂದ ಒಮ್ಮೆ ಸವರಿದಳು.

"ಕೊಟ್ಟು ಬರ್ತೀನಿ ರೀ," ಅಂದಳು. ಗಂಡನಿಗೆ.

ಬಸ್ಸಿನಲ್ಲಿ ಕುಂಡವನ್ನು ತೊಡೆಯ ಮೇಲೆ ಇಟ್ಟುಕೊಂಡಳು. "ಮೇಡಂ, ಮರಕ್ಕೆ ಅರ್ಧ ಟಿಕೆಟ್ ಕೊಡ್ಲಾ?" ಎಂದು ಕಂಡಕ್ಟರ್ ಕೇಳಿದ. ಪಕ್ಕದ ಹೆಂಗಸು ಪಾಪ ಕಡ್ಡಿಯ ಚುಚ್ಚು ತಪ್ಪಿಸಿಕೊಳ್ಳಲು ದಾರಿಯುದ್ದಕ್ಕೂ ಬಾಗಿಯೇ ಕುಳಿತಿದ್ದಳು.

ಅವನು ಅಂಗಡಿಯ ಗಾಜು ಒರೆಸುತ್ತಿದ್ದ. ಒರೆಸಿದ ಜಾಗದಲ್ಲಿ ಅವಳು ಕಂಡಳು. ಆಮೇಲೆ ಅವಳ ತೋಳಿನಲ್ಲಿದ್ದ ಗಿಡ. ಅವನ ಕೈ ಕೆಳಗಿಳಿಯಿತು.

"ಕೊಯ್ದುಬಿಟ್ರಾ..." ಅವನ ಮುಖ ಬಾಡಿತು. "ಅಲ್ಲೇ ನೆಡಿ ಅಂದಿದ್ನಲ್ಲ."

"ನಮ್ಮವರು ಎರವಲು ತಂದಿದ್ದು. ವಾಪಸ್ ಕೊಡೋ ಜವಾಬ್ದಾರಿ ಅವರದು ಅಂದಿದ್ರಂತೆ. ಅವರ ಪರವಾಗಿ ನಾನು ತಂದಿದೀನಿ. ಅಂಗಡಿ ಮುಂದೆ ಬಿಸಿಲಿದೆ, ದೊಡ್ಡ ಕುಂಡಕ್ಕೆ ಹಾಕಿದ್ರೆ ಸದ್ಯಕ್ಕೆ ಸಾಕು. ಆಮೇಲೆ ನೋಡೋಣ."

ಕೊನೆಯ ಮಾತು ಅವನಿಗೆ ಕೇಳಿಸಲೇ ಇಲ್ಲ. ಅವನು ಕುಂಡಕ್ಕೆ ಕೈ ಚಾಚಲಿಲ್ಲ.

"ಅರ್ಥ ಆಯ್ತು," ಅಂದ. "ಇನ್ನು ಬರೋದು ಬೇಡ ಅಂತ. ಜನ ಏನಾದ್ರೂ ಅಂದ್ರಾ? ನಿಮಗೆ ತೊಂದರೆ ಆಗಿದ್ರೆ ಮೊದಲೇ ಹೇಳ್ಬಹುದಿತ್ತು. ನಾನೇ ದಡ್ಡ, ದಿನಾ ಬಂದು..."

"ರೀ, ಸ್ವಲ್ಪ ಸುಮ್ನಿರ್ತೀರಾ?"

ಅವನು ಕೈಯಲ್ಲಿದ್ದ ಬಟ್ಟೆಯನ್ನು ಮಡಚಿದ.

ಅವಳು ಬಸ್ಸಿನಲ್ಲಿ ಜೋಡಿಸಿಕೊಂಡ ಮಾತೆಲ್ಲ ಮರೆತುಹೋಗಿತ್ತು.

"ಇಷ್ಟು ದಿನ ನೀವು ಬಂದಿದ್ದು ನಿಮ್ಮ ಅಮ್ಮನ ಕೊಂಬೆಗೆ. ನಾನು ಗೇಟು ತೆಗೆದಿದ್ದು ನಮ್ಮವರ ಮಾತಿಗೆ. ಇವತ್ತಿಗೆ ಎರಡೂ ಮುಗೀತು. ಇನ್ಮೇಲೆ ನಮ್ಮನೇಲಿ ನಿಮ್ದು ಅಂತ ಏನೂ ಇಲ್ಲ. ಬರೋಕೆ ಒಂದು ನೆಪಾನೂ ಇಲ್ಲ."

ಅವಳು ತಲೆ ಎತ್ತಿದಳು.

"ನೆಪ ಇಲ್ಲದೆ ಬರ್ತೀರಾ?"

ಅವನ ಕಣ್ಣು ತುಂಬಿಕೊಂಡಿತು. ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು. ಎದುರಿನ ಅಂಗಡಿಯ ಶಟರ್ ಕರಕರ ಎಂದು ಮೇಲೇರಿತು.

"ಬರ್ತೀನಿ," ಅಂದ ಕೊನೆಗೆ. "ಬೇಕಾದ್ರೆ ಈಗ್ಲೇ ಅಂಗಡಿ ಮುಚ್ಚಿ ಬರ್ತೀನಿ."

"ಬೋಣಿ ಕೂಡ ಆಗಿಲ್ಲ, ಮುಚ್ತಾರಂತೆ!" ಅವಳು ಅಳುತ್ತಾ ನಕ್ಕಳು. "ಮೊದ್ಲು ಇದನ್ನ ತಗೊಳ್ಳಿ. ಕೈ ಸೋತುಹೋಯ್ತು."

ಅವನು ಮುಂದೆ ಬಂದು ಕುಂಡದ ಅಡಿಗೆ ಕೈ ಕೊಟ್ಟ. ಅವಳ ಬೆರಳುಗಳು ಅವನ ಅಂಗೈ ಮೇಲಿದ್ದವು. ಅವಳು ತಕ್ಷಣ ಎಳೆದುಕೊಳ್ಳಲಿಲ್ಲ.

"ಕೊಟ್ಟೆ," ಅಂದಳು.

"ತಗೊಂಡೆ," ಅಂದ.